ಗುಂಯ್ ಎನ್ನುವ ಮೀನಿನ ಗಾಡಿ

ದಾಂಡೇಲಿಯಲ್ಲಿ ಟೈರಿನ ಅಂಗಡಿ ಇಟ್ಟ ನನಗೆ ನಗು ಹುಡುಕಿಕೊಂಡು ಹೋಗುವ ಕೆಲಸವೇ ಇಲ್ಲ. ಅದು ತಾನೇ ಗಡಗಡ ಎನ್ನುತ್ತ ಬಾಗಿಲಿಗೆ ಬಂದು ನಿಲ್ಲುತ್ತದೆ. ಹೆಚ್ಚಿನ ಸಲ ಅದು ಬರುವುದು ನಮ್ಮ ಮೀನಿನವನ ಪಿಕಪ್‌ನಲ್ಲಿ. ಹಳಿಯಾಳದ ಆಸಾಮಿ; ಜೋಯಿಡಾದ ಕಾಡಿನ ಹಳ್ಳಿಗಳಿಗೆ ಮೀನು ಒಯ್ದು ಮಾರುತ್ತಾನೆ. ಪಕ್ಕದ ಸೀಟಿನಲ್ಲಿ ತಕ್ಕಡಿ ಹಿಡಿದು ಹೆಂಡತಿ. ಆ ಗಾಡಿ ಓಡಿದರೆ ಮನೆಯಲ್ಲಿ ಒಲೆ ಉರಿಯುತ್ತದೆ.

೧. ನಡುಕ ಯಾರದು?

ಮೊದಲ ಸಲ ಬಂದಾಗ ಎರಡೂ ಕೈ ಮುಂದೆ ಚಾಚಿ ನಿಂತ.

"ಗಾಡಿ ಜೋರು ಬಿಟ್ರ ಕೈ ನಡಗ್ತಾವರಿ. ಡಾಕ್ಟರು ಚಹಾ ಬಿಡು ಅಂದ್ರು, ಬಿಟ್ಟೆ. ಆದ್ರೂ ನಡಗ್ತಾವು."

"ಮನ್ಯಾಗ ಕುಂತಾಗ?"

"ಇಲ್ರಿ. ಸ್ಟೇರಿಂಗ್ ಹಿಡದಾಗ ಅಷ್ಟ."

"ಇದನ್ನ ಡಾಕ್ಟರಿಗೆ ಹೇಳಿದ್ದಿ?"

"ಅವರು ಗಾಡಿ ಡಾಕ್ಟರ್ ಅಲ್ಲಲ್ರಿ!"

ಮುಂದಿನ ಗಾಲಿ ಬಿಚ್ಚಿದೆ. ರಿಮ್ಮಿನೊಳಗೆ ಕಾಡಿನ ಕೆಸರು ಒಣಗಿ ಇಟ್ಟಿಗೆಯಂತೆ ಕೂತಿತ್ತು. ಒಂದೇ ಕಡೆ ಭಾರವಾದರೆ ಗಾಲಿ ಕುಣಿಯದೆ ಏನು ಮಾಡೀತು? ಕೆತ್ತಿ ತೆಗೆದು, ಬ್ಯಾಲೆನ್ಸ್ ಮಾಡಿ, ಓಡಿಸಿ ಬಾ ಎಂದೆ. ನಗುತ್ತ ಬಂದವನ ಮುಖ ಒಮ್ಮೆಲೇ ಸಪ್ಪಗಾಯಿತು.

"ಅಂದ್ರ ಗಾಡಿ ಪಥ್ಯ ನಾ ಮಾಡಿದ್ನೇನ್ರಿ?" ಎಂದು ನಾನು ತರಿಸಿದ್ದ ಚಹಾದಲ್ಲಿ ತನ್ನ ಪಾಲಿನ ಜೊತೆ ನನ್ನದನ್ನೂ ಕುಡಿದುಬಿಟ್ಟ.

೨. ಶಾಂತಿಯ ಫಲ

ನಡುಕ ಹೋಯಿತು, ಗುಂಯ್ ಎನ್ನುವ ಸದ್ದು ಉಳಿಯಿತು. ಈ ಸಲ ತಕರಾರು ಹೆಂಡತಿಯದು.

"ಈ ಸದ್ದಿನ್ಯಾಗ ನಾ ಹೇಳಿದ್ದು ಒಂದೂ ಇವರ ಕಿವಿಗೆ ಬೀಳಂಗಿಲ್ಲ. ಬೇರಿಂಗ್ ಹೋಗೇತಿ ಅಂತ ಮಂದಿ ಬ್ಯಾರೆ ಹೆದರಸ್ತಾರ."

ಮೂವರೂ ಕೂತು ಹೊರಟೆವು. ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಎಳೆದರೂ ಸದ್ದು ಬದಲಾಗಲಿಲ್ಲ. ಹೊಸ ಡಾಂಬರಿಗೆ ಬಂದ ಕೂಡಲೇ ಬದಲಾಯಿತು. ಬೇರಿಂಗ್ ಹೋಗಿದ್ದರೆ ತಿರುವಿದಾಗ ಸದ್ದು ಬದಲಾಗಬೇಕಿತ್ತು; ಅದು ಸರಿಯಾಗೇ ಇತ್ತು. ಹಾಡುತ್ತಿದ್ದುದು ಕೆಸರಿನ ದಾರಿಗೆಂದು ಹಾಕಿಸಿದ್ದ ದಪ್ಪ ಹಲ್ಲಿನ ಟೈರುಗಳು. ಅವನ್ನು ತೆಗೆದು ಸಾದಾ ಟೈರು ಹಾಕಿ ಮತ್ತೊಂದು ಸುತ್ತು ಹೊರಟೆವು. ಗಾಡಿ ದೇವರ ಕೋಣೆಯಷ್ಟು ಶಾಂತ. ಆಕೆ ಬಾಯಿ ತೆರೆದಳು. ಮದುವೆಯಾದಾಗಿನಿಂದ ಹೇಳಿ ಕೇಳಿಸದೆ ಉಳಿದದ್ದೆಲ್ಲ ಹೊರಗೆ ಬಂತು.

ಅಂಗಡಿ ಮುಟ್ಟುವಷ್ಟರಲ್ಲಿ ಮೀನಿನವ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಹಳೇ ಟೈರು ಒಗೀಬ್ಯಾಡ್ರಿ."

೩. ಊರು ಎಬ್ಬಿಸಿದ ಟೈರು

ಒಗೆಯಲಿಲ್ಲ. ಗಟ್ಟಿ ಟೈರು, ನನ್ನ ಪಿಕಪ್‌ಗೇ ಹಾಕಿಕೊಂಡೆ. ಕೆಲವೇ ದಿನಗಳಲ್ಲಿ ಗಂಡ ಹೆಂಡತಿ ಜೋಲು ಮೋರೆ ಹಾಕಿಕೊಂಡು ಬಂದರು.

"ಮೀನು ಹಂಗ ವಾಪಸ್ ಬರಾಕತ್ತೇತ್ರಿ," ಎಂದ. "ಬರ್ಫ ಕರಗತೈತಿ, ಗಿರಾಕಿ ಇಲ್ಲ. ಹಿಂಗಾದ್ರ ಗಾಡಿ ಮಾರೂದ ಸೈ."

ಯಾಕೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು.

ಮರುದಿನ ಕೆಟ್ಟು ನಿಂತ ಗಾಡಿಯೊಂದಕ್ಕೆ ಟೈರು ಹಾಕಲು ಜೋಯಿಡಾ ಕಡೆ ಹೊರಟೆ. ಮೊದಲ ಹಳ್ಳಿಯಲ್ಲೇ ಬೆಕ್ಕುಗಳು ರಸ್ತೆಗೆ ಬಂದವು. ಹಿಂದೆಯೇ ಪಾತ್ರೆ ಹಿಡಿದ ಹೆಂಗಸರು. ನಿಲ್ಲಿಸಿದೆ. ಒಬ್ಬ ಅಜ್ಜಿ ಗಾಡಿಯ ಹಿಂಭಾಗ ಹತ್ತಿ ಇಣುಕಿ ನೋಡಿದಳು: ಜಾಕು, ಸ್ಟೆಪ್ನಿ.

"ಬಂಗಡೆ ಎಲ್ಲಿ?"

"ಮೀನಿಲ್ಲ ಅಜ್ಜಿ."

"ಮೀನಿಲ್ಲ ಅಂದ್ರ ಗುಂಯ್ ಅಂತ ಊರೆಲ್ಲ ಯಾಕ ಎಬ್ಬಿಸಿದಿ? ಮಸಾಲಿ ಅರದಿಟ್ಟೇನಿ!"

ಆಗ ತಲೆಗೆ ಹೊಳೆಯಿತು. ಅದು ಹುಲಿ ಕಾಡು, ಹಾರ್ನ್ ಹೊಡೆಯುವಂತಿಲ್ಲ. ಆ ಸದ್ದೇ ಅವನ ಹಾರ್ನ್. ಅದನ್ನು ನಾನೇ ಬಿಚ್ಚಿಟ್ಟುಕೊಂಡಿದ್ದೆ!

ವಾಪಸ್ ಬಂದವನೇ ಇಬ್ಬರನ್ನೂ ಕರೆಸಿ ವಿಷಯ ಹೇಳಿದೆ. ಗಂಡ ಕುಣಿದಾಡಿದ: "ನಾಕೂ ಹಾಕ್ರಿ!"

ಹೆಂಡತಿ ತಕ್ಕಡಿ ಅಡ್ಡ ಹಿಡಿದಳು. "ಹಿಂದಿನ್ವು ಎರಡು ಸಾಕು. ಅರ್ಧ ಸದ್ದು ಊರಿಗೆ, ಅರ್ಧ ಶಾಂತಿ ನನ್ನ ಮಾತಿಗೆ."

ಹಾಗೇ ಮಾಡಿದೆ. ಮರುದಿನ ಮಧ್ಯಾಹ್ನವೇ ಖಾಲಿ ಬುಟ್ಟಿಗಳೊಂದಿಗೆ ಗಾಡಿ ಬಂದು ನಿಂತಿತು. ಹೆಂಡತಿ ನಗುತ್ತ ಇಳಿದು ನನಗೆಂದು ತೆಗೆದಿಟ್ಟ ಬಂಗಡೆ ಕೊಟ್ಟಳು. ಗಂಡ ಸೀಟಿನಲ್ಲೇ ಕೂತಿದ್ದ.

"ಹೆಂಗಾತೋ ವ್ಯಾಪಾರ?" ಎಂದೆ.

"ಮೀನು ಎಲ್ಲಾ ಹೋತ್ರಿ," ಎಂದ. "ಆದ್ರ ಅಕಿ ಮಾತೂ ಎಲ್ಲಾ ಕೇಳಿಸ್ತು."