ಪಾಸ್ಟರಮ್ಮನ ಸೋಮವಾರ

ದೇವರು ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸಿಕೊಂಡ. ಪಾಸ್ಟರ್ ಕೃಪಾ ಆರು ದಿನ ದುಡಿದು ಏಳನೆಯ ದಿನ ಇನ್ನಷ್ಟು ದುಡಿಯುತ್ತಿದ್ದಳು. ಹಲ್ಲು ಬಾರದ ಕೂಸೊಂದು ತೊಡೆಯ ಮೇಲಿದ್ದಿದ್ದರೆ ದೇವರಿಗೂ ಆ ಏಳನೆಯ ದಿನ ಸಿಗುತ್ತಿರಲಿಲ್ಲ ಎಂಬುದು ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ಅವಳು ಕಂಡುಕೊಂಡ ಹೊಸ ದೇವಶಾಸ್ತ್ರ!

ಹಾಗಾಗಿ ಆ ಭಾನುವಾರ, ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯ ಕನ್ನಡ ಚರ್ಚಿನಲ್ಲಿ ಆರಾಧನೆ ಮುಗಿದದ್ದೇ ತಡ, ಒಂದು ಕಂಕುಳಲ್ಲಿ ಬೈಬಲ್ಲು, ಇನ್ನೊಂದು ಕಂಕುಳಲ್ಲಿ ಮಗಳು ಶಾಂತಿಯನ್ನು ಅವುಚಿಕೊಂಡು ಅವಳು ಘೋಷಿಸಿಯೇ ಬಿಟ್ಟಳು.

"ಇನ್ನ ಮ್ಯಾಲೆ ಸೋಮವಾರ ನನ್ನ ಸಬ್ಬತ್ತು, ವಿಶ್ರಾಂತಿ ದಿನ! ಅವತ್ತು ನಾ ಪಾಸ್ಟರೂ ಅಲ್ಲ, ಯಾರ ಅಕ್ಕನೂ ಅಲ್ಲ. ಬರೇ ಮಲಗೂ ಹೆಣ್ಣುಮಗಳು!"

"ಆಮೆನ್!" ಎಂದಿತು ಸಭೆ.

ಬೀದರ, ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನಲ್ಲಿ ಕಟ್ಟಡ ಕಟ್ಟುವ ಈ ಜನಕ್ಕೆ ಆಮೆನ್ ಎಂಬುದು ಸುಮ್ಮನೆ ಬಾಯಿಗೆ ಬರುವ ಮಾತಲ್ಲ. ಪ್ರಾರ್ಥನೆಯನ್ನು ಯಾರೇ ಮಾಡಲಿ, ಎಷ್ಟೇ ಚಂದ ಮಾಡಲಿ, ಸಭೆ ಆಮೆನ್ ಎಂದ ಮೇಲೇ ಅದು ಮೇಲಕ್ಕೆ ಹೋಗುವುದು. ಆಮೆನ್ ಬೀಳದ ಪ್ರಾರ್ಥನೆ ಎಂದರೆ ಮೊಹರು ಬೀಳದ ಅರ್ಜಿ ಇದ್ದ ಹಾಗೆ.

ಅಂದು ಆಮೆನ್ ಅನ್ನದೆ ಬಾಯಿ ಬಿಗಿದು ನಿಂತವರು ಒಬ್ಬರೇ. ಸಭೆಯ ಹಿರಿಯ ಅಮೃತಪ್ಪ! ಬೇಗಂ ಬಜಾರಿನ ಸಗಟು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರಾಗಿ ಕೂದಲು ಬೆಳ್ಳಗೆ ಮಾಡಿಕೊಂಡವರು. ದೇವರ ಹತ್ತಿರವೂ ಮೆಣಸಿನಕಾಯಿ ಚೌಕಾಶಿ ಮಾಡಿದಂತೆಯೇ ಮಾತು. ಅವರು ಪ್ರಾರ್ಥನೆಗೆ ಎದ್ದು ನಿಂತರೆಂದರೆ, ಅದು ಬೇಗ ಮುಗಿಯದೆಂದು ಬಲ್ಲ ಅನುಭವಸ್ಥರು ಗೋಡೆ ನೋಡಿಕೊಂಡು ಒರಗಿ ಕೂರುತ್ತಿದ್ದರು.

ಚರ್ಚಿನ ಮೆಟ್ಟಿಲ ಬಳಿ ಅವರು ಕೃಪಾಳಿಗೆ ಅಡ್ಡ ಬಂದರು.

"ಪಾಸ್ಟರಮ್ಮಾರ, ತಪ್ಪು ತಿಳ್ಕೋಬ್ಯಾಡ್ರಿ. ಇವತ್ತ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡೂವಾಗ ನಿಮ್ಮ ಕೂಸು ಬಟ್ಟಲದಾಗ ಕೈ ಹಾಕ್ತು."

"ಅದಕ್ಕೂ ಹಸಿವಿತ್ರಿ, ಕಾಕಾ."

"ನಗೂ ಮಾತಲ್ಲರಿ ಇದು. ಮುಂದಿನ ಐತವಾರ ನಮ್ಮ ಚರ್ಚುಗಳ ಮ್ಯಾಲಿನ ಸೂಪರಿಂಟೆಂಡೆಂಟ್ ಸಾಹೇಬರು ಬರಾಕತ್ತಾರ. ಕೂಸು ದೊಡ್ಡದಾಗೂತನಕ ನಮಗ ಬ್ಯಾರೆ ಪಾಸ್ಟರನ್ನ ಕೊಡ್ರಿ ಅಂತ ಕೇಳೂದು ಚಲೋ ಅಂತೀನಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ."

ಕೃಪಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಹೆಣ್ಣುಮಗಳು ಪಾಸ್ಟರಾಗುವುದುಂಟೇ ಎಂದ ಮಾವಂದಿರು, ಚಿಕ್ಕಪ್ಪಂದಿರು, ಕಮಿಟಿಯವರು ಎಲ್ಲರನ್ನೂ ದಾಟಿಕೊಂಡು ಈ ಪೀಠ ಹತ್ತಿದವಳು ಅವಳು. ಅಷ್ಟೆಲ್ಲ ಗೆದ್ದು ಈಗ ಅಂಗೈಯಗಲದ ಡೈಪರಿಗೆ ಸೋಲುವುದೇ?

"ಕಾಕಾ, ಸೇವಾನೂ ಮಾಡ್ತೀನಿ, ಕೂಸನ್ನೂ ಸಾಕ್ತೀನಿ, ಕಣ್ತುಂಬ ನಿದ್ದಿನೂ ಮಾಡ್ತೀನಿ. ಯಾರೂ ಕೈ ಹಚ್ಚೂದು ಬ್ಯಾಡ. ನೋಡ್ಕೋಂತ ಇರ್ರಿ!" ಎಂದು ಸೆರಗು ಕೊಡವಿಕೊಂಡು ನಡೆದಳು.

ಚರ್ಚಿನ ಪಕ್ಕದಲ್ಲೇ ಮನೆ. ಒಂದೇ ಬಾಗಿಲು, ಬೀದಿಗೆ ಒಂದು ಕಿಟಕಿ. ಗಂಡ ಮನೋಜ ಜೀಡಿಮೆಟ್ಲಾದ ಮಾತ್ರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಘೋಷಣೆಯ ಸುದ್ದಿ ಕೇಳಿ ಅವನು ತಲೆ ಮೇಲೆ ಕೈ ಹೊತ್ತ.

"ಎಂಥಾ ಕೆಲಸ ಮಾಡಿದಿ! ಸೋಮವಾರ ನನಗ ಕೆಲಸಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆದಂಗಾತು."

"ವಿಶ್ರಾಂತಿ ಅಂದೀನ್ರಿ, ಖಾಲಿ ಇರ್ತೀನಿ ಅಂದಿಲ್ಲ!"

"ನಮ್ಮ ಮಂದಿಗೆ ಎರಡೂ ಒಂದ. ಗೇಟಿನ ಕಡೆ ನೋಡು."

ಗೇಟಿನಲ್ಲಿ ಮಹಿಳಾ ಸಂಘದ ಸುವರ್ಣಮ್ಮ ಆಗಲೇ ನಾಲ್ಕಾರು ಹೆಂಗಸರಿಗೆ ಕೂಗಿ ಹೇಳುತ್ತಿದ್ದಳು, "ಅಮ್ಮಾರು ನಾಳೆ ಖಾಲಿ ಅದಾರಂತ! ಕೂಸಿಗೆ ಎಣ್ಣಿ ಹಚ್ಚಾಕ ಎಲ್ಲಾರೂ ಬರ್ರಿ! ನಾ ಬಾಣಂತಿಗೆ ಅಂಟಿನ ಉಂಡಿ ತರ್ತೀನಿ!"

ಕೃಪಾ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು. ಪ್ರಾರ್ಥಿಸುತ್ತಿದ್ದಾಳೆಂದು ಮನೋಜ ಸುಮ್ಮನಿದ್ದ. ಅವಳು ಸಂಚು ಹೂಡುತ್ತಿದ್ದಳು.

"ರೀ, ನಾಳೆ ಕೆಲಸಕ್ಕ ಹೋಗೂವಾಗ ಹೊರಗಿಂದ ಕೀಲಿ ಹಾಕ್ಕೊಂಡು ಹೋಗ್ರಿ."

"ಹುಚ್ಚು ಗಿಚ್ಚು ಹಿಡದೈತೇನು? ಹೆಂಡ್ತಿ ಮಕ್ಕಳನ್ನ ಒಳಗ ಹಾಕಿ ಕೀಲಿ ಹಾಕೂದಾ?"

"ಕೀಲಿ ಕಂಡ್ರ ಮಂದಿ ತಿರುಗಿ ಹೋಗ್ತಾರ. ಕೀಲಿಕೈನೂ ನೀವ ಒಯ್ರಿ. ನನ್ನ ಹತ್ರ ಇದ್ರ ಯಾರರ 'ಯವ್ವಾ' ಅಂದ ಕೂಡಲೇ ಕಿಟಕ್ಯಾಗಿಂದ ಕೊಟ್ಟುಬಿಡ್ತೀನಿ. ನನ್ನ ಬುದ್ಧಿ ನನಗ ಗೊತ್ತೈತಿ."

ಸೋಮವಾರ ಬೆಳಿಗ್ಗೆ ಮನೋಜ ಕಳ್ಳನ ಹಾಗೆ ಅತ್ತ ಇತ್ತ ನೋಡಿ, ಬಾಗಿಲಿಗೆ ದೊಡ್ಡ ಬೀಗ ಜಡಿದು ಹೊರಟುಹೋದ. ಕೃಪಾ ಫೋನು ಬಂದ್ ಮಾಡಿದಳು. ಪರದೆ ಎಳೆದಳು. ಶಾಂತಿಗೆ ಎರೆದು, ಹಾಲು ಕುಡಿಸಿ, ತಟ್ಟಿ ತಟ್ಟಿ ಮಲಗಿಸಿದಳು. ಆಹಾ, ಎಂಥ ನಿಶ್ಶಬ್ದ! ಕಿಟಕಿಯ ಕೆಳಗಿನ ಮಂಚದ ಮೇಲೆ ಮೈ ಚಾಚಿದಳು. ರೆಪ್ಪೆಗೆ ರೆಪ್ಪೆ ಅಂಟಿತು ಅನ್ನುವಷ್ಟರಲ್ಲಿ ಹೊರಗೆ ಬೀಗ ಕಟಕಟ ಅಲ್ಲಾಡಿತು.

"ಯವ್ವಾ, ಕೀಲಿ ಬಿದ್ದೈತಲ್ಲ! ಫೋನೂ ಹತ್ತವಲ್ದು!" ಸುವರ್ಣಮ್ಮನ ದನಿ. ಶಾಂತಿಯ ಕಣ್ಣು ಪಿಳಕ್ಕನೆ ತೆರೆದುಕೊಂಡಿತು. ಕೃಪಾ ಅವಳನ್ನು ಗಬಕ್ಕನೆ ಎದೆಗೆ ಹಾಕಿಕೊಂಡು ಉಸಿರು ಬಿಗಿಹಿಡಿದಳು.

ಬೀಗ ಕಂಡು ಜನ ತಿರುಗಿ ಹೋಗುತ್ತಾರೆಂಬ ಲೆಕ್ಕಾಚಾರ ಎಲ್ಲಿ ತಪ್ಪಿತೋ! ಪಾಸ್ಟರಮ್ಮ ಕಾಣೆಯಾಗಿದ್ದಾರೆ ಎಂಬ ಸುದ್ದಿ ಗಲ್ಲಿಯ ತುಂಬ ಹಬ್ಬಿ, ಎಣ್ಣೆ ಬಟ್ಟಲು ಹಿಡಿದ ಹೆಂಗಸರು ಬಂದರು. ಅಂದು ಲೇಬರ್ ಅಡ್ಡಾದಲ್ಲಿ ಕೆಲಸ ಸಿಗದೆ ಮರಳಿದ್ದ ಗೌಂಡಿಗಳು ಬಂದರು. ಕೊನೆಗೆ ಅಮೃತಪ್ಪನೂ ಬಂದರು.

"ತವರಿಗೆ ಹೋದರೇನೋ," ಎಂದರು ಅಮೃತಪ್ಪ. "ನಿನ್ನೆ ನಾ ಅಂದದ್ದು ಆಕಿ ಮನಸಿಗೆ ಹತ್ತಿರಬೇಕು."

ಹತ್ತಲಿ, ನಿಮಗೂ ಹತ್ತಲಿ ಎಂದು ಕೃಪಾ ಪರದೆಯ ಹಿಂದೆ ಬಾಯಲ್ಲೇ ಅಂದುಕೊಂಡಳು.

"ಬಂದದ್ದು ಬಂದೀವಿ. ಆಕಿ ಸಲುವಾಗಿ ಪ್ರಾರ್ಥನಾ ಮಾಡೇ ಹೋಗೂಣು," ಎಂದರು ಮತ್ತೆ ಅಮೃತಪ್ಪನೇ.

ಎಲ್ಲರೂ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತರು. ಅಮೃತಪ್ಪ ಸರಿಯಾಗಿ ಕಿಟಕಿಯ ಸರಳು ಹಿಡಿದು ನಿಂತು ಸುರು ಮಾಡಿದರು.

"ಪರಲೋಕದ ತಂದೆಯೇ, ನಿನಗ ಎಲ್ಲಾ ಗೊತ್ತೈತಿ. ಆದ್ರೂ ಹೇಳ್ತೀನಿ. ಈ ಹೆಣ್ಣುಮಗಳು ಭಾಳ ದಣದಾಳ. ಹೇಳಿದ್ರ ಕೇಳಂಗಿಲ್ಲ, ಹಟಮಾರಿ ಅದಾಳ. ಆಕಿ ಭಾರ ಇಳಿಸು. ನಮಗೊಬ್ಬ ಗಟ್ಟಿಮುಟ್ಟಾದ ಗಂಡಸು ಪಾಸ್ಟರನ್ನ ಕೊಡು. ಅವನಿಗೆ ಮದಿವಿ ಆಗಿರಬಾರದು. ಆಗಿದ್ರ ಮಕ್ಕಳಿರಬಾರದು. ಇದ್ರ ಹೈಸ್ಕೂಲಿಗೆ ಹೋಗ್ತಿರಬೇಕು..."

ಕೃಪಾಳ ಕಿವಿ ಕೆಂಪಾಯಿತು. ಎಂದಿಲ್ಲದೆ ಅಮೃತಪ್ಪನ ಪ್ರಾರ್ಥನೆ ಬೇಗನೆ ಮುಕ್ತಾಯಕ್ಕೆ ಬರುತ್ತಿತ್ತು. ಮೆಟ್ಟಿಲ ಮೇಲಿನವರೆಲ್ಲ ಆಮೆನ್ ಅನ್ನಲು ಎದೆ ತುಂಬ ಉಸಿರು ಎಳೆದುಕೊಂಡದ್ದು ಅವಳಿಗೆ ಒಳಗೇ ಕೇಳಿಸಿತು. ಇನ್ನೊಂದು ಕ್ಷಣ ಬಿಟ್ಟರೆ ಅವಳ ಕೆಲಸವನ್ನು ಕಿತ್ತುಕೊಳ್ಳುವ ಅರ್ಜಿಗೆ ಮೊಹರು ಬಿದ್ದು ಅದು ಸೀದಾ ಮೇಲಕ್ಕೆ!

ಸರ್ರನೆ ಪರದೆ ಎಳೆದು ಕೂಗಿದಳು. "ಯಾರೂ ಆಮೆನ್ ಅನ್ನಬ್ಯಾಡ್ರಿ!"

ಸುವರ್ಣಮ್ಮನ ಕೈಯಿಂದ ಉಂಡಿ ಡಬ್ಬಿಯ ಮುಚ್ಚಳ ಜಾರಿ ಠಣಠಣ ಉರುಳಿತು. ದೇವದೂತನೇ ಬಂದನೆಂದು ಹೆಂಗಸೊಬ್ಬಳು ಮೊಣಕಾಲೂರಿದಳು. ಸುವರ್ಣಮ್ಮನಿಗೆ ಮಾತ್ರ ಎಲ್ಲವೂ ಕ್ಷಣದಲ್ಲಿ ಅರ್ಥವಾಗಿಬಿಟ್ಟಿತು, ಅದೂ ತಲೆಕೆಳಗಾಗಿ.

"ಅಯ್ಯಯ್ಯೋ! ಗಂಡ ಕೂಡಿ ಹಾಕಿ ಹೋಗ್ಯಾನ! ಎಷ್ಟು ಸಂಭಾವಿತ ಅನ್ಕೊಂಡಿದ್ದೆ! ಲೇ, ಸುತ್ತಗಿ ತರ್ರೋ!"

ಗೌಂಡಿಗಳಿಗೆ ಸುತ್ತಿಗೆ ಹುಡುಕಬೇಕಾದದ್ದೇನಿದೆ? ಇಬ್ಬರು ಆಗಲೇ ಚೀಲಕ್ಕೆ ಕೈ ಹಾಕಿದ್ದರು.

"ಕೀಲಿ ಮುಟ್ಟಬ್ಯಾಡ್ರಿ! ಅವರು ಹಾಕಿಲ್ಲ, ನಾನ ಹಾಕಿಸ್ಕೊಂಡೀನಿ!"

"ಯಾಕ?"

"ನೀವು ಬರ್ತೀರಂತ!"

ಎಣ್ಣೆ ಬಟ್ಟಲುಗಳು ಮೆಲ್ಲಗೆ ಕೆಳಗಿಳಿದವು. ಕೃಪಾಳಿಗೆ ನಾಚಿಕೆಯೂ ಆಯಿತು, ಆದರೆ ನಾಚಿಕೆಗಿಂತ ಸಿಟ್ಟು ದೊಡ್ಡದಿತ್ತು. ಕಿಟಕಿಯನ್ನೇ ಪೀಠ ಮಾಡಿಕೊಂಡಳು.

"ನಿಮ್ಮ ಮನ್ಯಾಗ ಸಾವಾದಾಗ ಬಂದೀನಿ, ನಾಮಕರಣಕ್ಕ ಬಂದೀನಿ, ದವಾಖಾನಿಗೆ ಬಂದು ನಿಮ್ಮ ಜೋಡಿ ಕುಂತೀನಿ. ಮತ್ತೂ ಬರ್ತೀನಿ! ಈ ಚರ್ಚು ನಾ ಬಿಡಂಗಿಲ್ಲ. ಈ ಕೂಸನ್ನ ಬಿಡಂಗಿಲ್ಲ. ಸೋಮವಾರನೂ ಬಿಡಂಗಿಲ್ಲ! ನಿದ್ದಿ ಬರ್ತೈತಿ ಅಂದ ಕೂಡಲೇ ಪಾಸ್ಟರ್ಕಿ ಬಿಡು ಅಂತೀರಲ್ಲ ಕಾಕಾ, ಗಂಡಸು ಪಾಸ್ಟರ್ ಆಕಳಿಸಿದ್ರ ಹಿಂಗ ಅಂತಿದ್ರೇನು?"

ಅಷ್ಟರಲ್ಲಿ ಶಾಂತಿ ತನ್ನ ಹೆಸರಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಕಿಟಾರನೆ ಕಿರುಚಿಕೊಂಡಳು. ಎತ್ತಿ ಆಡಿಸಿದರೂ ಇಲ್ಲ, ತಟ್ಟಿದರೂ ಇಲ್ಲ, ಹಾಲೂ ಬೇಡ. ಹೊರಗಿನವರು ಒಳಗೆ ಬರುವ ಹಾಗಿಲ್ಲ, ಒಳಗಿನವಳು ಹೊರಗೆ ಹೋಗುವ ಹಾಗಿಲ್ಲ. ಇಷ್ಟು ಹೊತ್ತು ಸಿಂಹಿಣಿಯಾಗಿದ್ದ ಕೃಪಾಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಅಮೃತಪ್ಪ ಟೊಪ್ಪಿಗೆ ತೆಗೆದು ಬಗಲಿಗಿಟ್ಟುಕೊಂಡರು.

"ಪ್ರಾರ್ಥನಾ ಅರ್ಧಕ್ಕ ಬಿಟ್ಟು ಹೋಗಾಕ ಬರಂಗಿಲ್ರಿ. ತಿದ್ದಿ ಹೇಳ್ತೀನಿ," ಎಂದು ಮತ್ತೆ ಸರಳು ಹಿಡಿದರು. "ತಂದೆಯೇ, ಮೊದಲು ಕೇಳಿದ ಮಾಲು ಬ್ಯಾಡ. ಆ ಗಟ್ಟಿಮುಟ್ಟಾದ ಗಂಡಸನ್ನ ಅಲ್ಲೇ ಇಟ್ಕೋ. ನಮಗ ಇಕಿನ ಇರಲಿ..."

ಶಾಂತಿ ಅಳು ನಿಲ್ಲಿಸಿ ಕಿಟಕಿಯ ಕಡೆ ಹೊರಳಿದಳು. ಏರಿಳಿತವಿಲ್ಲದ ಆ ದನಿ ಬೇಗಂ ಬಜಾರಿನ ಬೀದಿ ಬೀದಿಯನ್ನು ಹರಸುತ್ತ ಹೊರಟಿತು. ಮೆಣಸಿನಕಾಯಿ ದರಕ್ಕೆ ಬೇಡಿಕೊಂಡಿತು, ನಾಂಪಲ್ಲಿಗೆ ಬರುವ ರೈಲುಗಳನ್ನು ಒಪ್ಪಿಸಿಕೊಟ್ಟಿತು. ಶಾಂತಿ ಆಕಳಿಸಿದಳು. ಕಣ್ಣು ಮುಚ್ಚಿ ಭಕ್ತಿಯಿಂದ ಕೇಳೋಣವೆಂದು ಕೃಪಾಳೂ ಮಗಳ ಪಕ್ಕ ಸುಮ್ಮನೆ ತಲೆಯಿಟ್ಟಳು.

ಎಚ್ಚರವಾದಾಗ ಬಿಸಿಲು ಎದುರು ಗೋಡೆಯಿಂದ ಇಳಿದು ಹೋಗಿತ್ತು. ಮೈಯೆಲ್ಲ ಹಗುರ. ಹೆತ್ತ ಮೇಲೆ ಇಂಥ ನಿದ್ದೆ ಅವಳು ಕಂಡೇ ಇರಲಿಲ್ಲ. ಶಾಂತಿ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದಳು. ಕಿಟಕಿಯಾಚೆ, ಕೆಲಸದಿಂದ ಮರಳಿದ್ದ ಮನೋಜ ಕೀಲಿಕೈ ಹಿಡಿದುಕೊಂಡೇ ಕಲ್ಲಾಗಿ ನಿಂತಿದ್ದ. ಅವನ ಪಕ್ಕದಲ್ಲಿ ಸರಳಿಗೆ ಜೋತುಬಿದ್ದ ಅಮೃತಪ್ಪ! ಸುವರ್ಣಮ್ಮ ಡಬ್ಬಿಯ ಮುಚ್ಚಳದಿಂದ ಅವರಿಗೆ ಗಾಳಿ ಹಾಕುತ್ತಿದ್ದಳು. ದನಿ ಒಡೆದು ಚೂರಾಗಿತ್ತು, ಆದರೆ ನಿಂತಿರಲಿಲ್ಲ.

"...ಮತ್ತ ಜೀಡಿಮೆಟ್ಲಾದ ಬಸ್ಸಿನ ಡ್ರೈವರಗೋಳನ್ನ, ಕಂಡಕ್ಟರಗೋಳನ್ನ..."

"ಕಾಕಾ!" ಕೃಪಾ ಪಿಸುಗುಟ್ಟಿದಳು. "ಇನ್ನೂ ಮುಗಿದಿಲ್ಲೇನ್ರಿ?"

ಅಮೃತಪ್ಪ ಕಣ್ಣು ತೆರೆಯಲಿಲ್ಲ. ಅದೇ ರಾಗದಲ್ಲಿ ಮುಂದುವರಿಸಿದರು. "ತಂದೆಯೇ, ಮುಗಿದಿಲ್ಲೇನು ಅಂತ ಕೇಳಾಕತ್ತಾರ. ಹ್ಯಾಂಗ ಮುಗಿಸ್ಲಿ? ಯಾರೂ ಆಮೆನ್ ಅನ್ನಬ್ಯಾಡ್ರಿ ಅಂತ ಅವರ ಹೇಳಿ ಮಲಗಿಬಿಟ್ರು. ನಿಲ್ಲಿಸಿದ್ರ ಕೂಸು ಮಿಸುಕಾಡ್ತೈತಿ. ಐತವಾರ ಸಾಹೇಬರ ಮುಂದ ನಾನ ನಿಂತು, ನಮ್ಮ ಪಾಸ್ಟರಮ್ಮಾರಿಗೆ ಸೋಮವಾರ ರಜಾ ಕೊಡ್ರಿ ಅಂತ ಕೇಳ್ತೀನಿ, ಅದಕ್ಕ ನೀನ ಸಾಕ್ಷಿ. ಸದ್ಯಕ್ಕ ಒಂದು ಗುಟುಕು ನೀರು ಕುಡಿಯಾಕ ದಾರಿ ತೋರಿಸು..."

ಯಾರೂ ಕೈ ಹಚ್ಚೂದು ಬ್ಯಾಡ ಎಂದು ಸೆರಗು ಕೊಡವಿದವಳಲ್ಲವೇ ತಾನು! ಸಂತೋಷ ತಡೆಯಲಾಗದೆ, ಪೀಠದ ಮೇಲಿನ ತನ್ನ ತುಂಬು ದನಿಯಲ್ಲಿ ಅವಳೇ ಕೂಗಿದಳು.

"ಆಮೆನ್!"

ಬೆಳಿಗ್ಗೆಯಿಂದ ಎದೆಯಲ್ಲಿ ತಡೆದಿಟ್ಟುಕೊಂಡಿದ್ದ ಜನ ಬಿಟ್ಟಾರೆಯೇ? "ಆಮೆನ್!" ಎಂದು ಇಡೀ ಗಲ್ಲಿ ಗುಡುಗಿತು. ಚರ್ಚಿನ ಮಾಡಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು.

ಮಂಚದ ಮೇಲಿಂದ ಶಾಂತಿ ಬೆಳಗಿನದಕ್ಕಿಂತ ಒಂದು ಸುತ್ತು ಮೇಲಿನ ದನಿಯಲ್ಲಿ ಕಿಟಾರನೆ ಕಿರುಚಿದಳು.

ಅಮೃತಪ್ಪ ಬಾಯಿಗೆತ್ತಿದ್ದ ನೀರಿನ ಚೆಂಬನ್ನು ಕೆಳಗಿಟ್ಟರು. ಟೊಪ್ಪಿಗೆಯನ್ನು ಮತ್ತೆ ಬಗಲಿಗೆ ಸೇರಿಸಿ, ಪಾಸ್ಟರಮ್ಮನ ಮುಖವನ್ನೊಮ್ಮೆ ದೀನವಾಗಿ ನೋಡಿ, ಉಳಿದಿದ್ದ ಅಷ್ಟಿಷ್ಟು ದನಿಯಲ್ಲಿ ಕೇಳಿದರು:

"ಮತ್ತ ಸುರು ಮಾಡ್ಲೇನ್ರಿ?"