ಕಾಕಾನ ಪಂಪು, ನನ್ನ ತೆಂಗಿನಕಾಯಿ

ನಮ್ಮ ಕಾಕಾನ ತಲೆ ಕೆಟ್ಟಿದೆ ಅಂತ ಬೆಟಗೇರಿಯ ಮಂದಿ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು! ಕೆಟ್ಟಿದ್ದರೆ ಅದನ್ನೂ ಬಿಚ್ಚಿ, ಹಳೆಯ ಲುಂಗಿಯ ಮೇಲೆ ಹರವಿ, ರಿಪೇರಿ ಮಾಡಿಕೊಂಡುಬಿಡುತ್ತಿದ್ದ. ನಿಜವಾಗಿ ಕೆಟ್ಟಿರುವುದು ನನ್ನದು. ಇಲ್ಲದಿದ್ದರೆ ಯಾವನಾದರೂ ಸಂಡಾಸಿನಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಾನೆಯೇ?

ನಾನು ಸುಲಿದೆ. ಕಾರಣ ಕೇಳಿ, ಆಮೇಲೆ ಬೈಯಿರಿ.

ಕಾಕಾನದು ಸೀರೆ ಅಂಗಡಿ. ಆದರೆ ಗಿರಾಕಿ ಸೆರಗು ನೋಡುತ್ತಿದ್ದರೆ ಇವನ ಕಿವಿ ಗಿರಾಕಿಯ ಸ್ಕೂಟರಿನ ಮೇಲೆ. "ಸೀರಿ ನಾಳೆ ಒಯ್ಯಕ್ಕಾ, ಮೊದ್ಲ ಆ ಸೈಲೆನ್ಸರ್ ತೋರ್ಸು!" ಇಂಥವನು ಹೋದ ವರ್ಷ ಒಂದು ಮುದಿ ಮಿನಿಬಸ್ಸು ಕೊಂಡ. ಸೀಟು ಕಿತ್ತು ಮಂಚ ಹಾಕಿದ, ಒಲೆ ಇಟ್ಟ, ಮೂಲೆಯಲ್ಲೊಂದು ಸಂಡಾಸು ಕೂರಿಸಿದ. ಅದರ ಕೆಳಗೆ ಟಾಕಿ. ಟಾಕಿಗೊಂದು ಪಂಪು; ಬಿದ್ದದ್ದನ್ನೆಲ್ಲ ಮಿಕ್ಸರಿನಂತೆ ನುಣ್ಣಗೆ ಅರೆದು, ಪೈಪಿನಲ್ಲಿ ಹಿತ್ತಲಿನ ಗುಂಡಿಗೆ ತಳ್ಳುವ ಪಂಪು. ಕಾಕಾ ಇದನ್ನು ಊಟಕ್ಕೆ ಕೂತಾಗ ವಿವರಿಸಿದ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಚಟ್ನಿ ಕೇಳಿಲ್ಲ.

"ಗಾಡ್ಯಾಗ ಸಂಡಾಸ ಯಾಕ್ರೀ?" ಎಂದು ಅವನ ಹೆಂಡತಿ, ನಮ್ಮ ಕಾಕು, ಹಣೆ ಚಚ್ಚಿಕೊಂಡಳು. "ರಾಜರ ರಥದಾಗೂ ಇದ್ದಿದ್ದಿಲ್ಲ!"

"ಅದಕ್ಕ ಅವರ ರಾಜ್ಯ ಹ್ವಾದ್ವು!"

ಮೊದಲ ಸವಾರಿ ಲಕ್ಷ್ಮೇಶ್ವರಕ್ಕೆ. ಅಲ್ಲಿ ಕಾಕುವಿನ ಅಕ್ಕನ ಮೊಮ್ಮಗಳಿಗೆ ಅಂದು ಸಂಜೆ ತೊಟ್ಟಿಲ ಶಾಸ್ತ್ರ. ಅಕ್ಕನ ಮನೆಗೆ ಕಾಕು ಹೋಗಿ ಎಷ್ಟೋ ವರ್ಷವಾಗಿತ್ತು; ಬಸ್ಸು ಎಂದರೆ ಸಾಕು, ಏನೋ ನೆಪ ಹೇಳಿ ಮನೆಯಲ್ಲೇ ಉಳಿಯುತ್ತಿದ್ದಳು. ಅಂದು ಮಾತ್ರ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ತಯಾರು!

ಹೊರಡುವ ಮುಂಚೆ ಪೂಜೆ. ಕಾಯಿ ಸುಲಿಯುವ ಕೆಲಸ ನನ್ನದು. ಗಾಡಿಯೊಳಗೆ ಎಲ್ಲೆಡೆ ಕಾಕು ಹಾಸಿದ್ದ ಬಿಳಿ ಚಾದರ. ಉಳಿದ ಜಾಗ ಸಂಡಾಸೊಂದೇ. ಅಲ್ಲೇ ಕೂತು ಸುಲಿದೆ. ಕಸ ಎಲ್ಲಿ ಚೆಲ್ಲಲಿ? ಹೇಗೂ ಅರೆಯುವ ಪಂಪಿದೆಯಲ್ಲ! ನಾರನ್ನೆಲ್ಲ ಅದರೊಳಗೇ ತುರುಕಿ ಒಂದು ಬಕೆಟ್ ನೀರು ಸುರಿದೆ.

ಪರೀಕ್ಷೆಗೆಂದು ಕಾಕಾ ಎರಡು-ಮೂರು ದಿನದಿಂದ ಮನೆಮಂದಿಯನ್ನೆಲ್ಲ ಗಾಡಿಯ ಸಂಡಾಸಿಗೇ ಕಳಿಸಿದ್ದ. ಟಾಕಿ ತುಂಬಿತ್ತು. ಪೂಜೆ ಮುಗಿಸಿ, ಖಾಲಿ ಮಾಡಲು ಸ್ವಿಚ್ ಒತ್ತಿದ. ಗುಂಯ್... ಟಪ್! ಫ್ಯೂಸು ಹೋಯಿತು. ಹೊಸದು ಹಾಕಿದ. ಗುಂಯ್... ಟಪ್!

ಕಾಕಾ ಗಾಡಿಯಡಿ ತೂರಿ, ಬಸುರಿಯ ಹೊಟ್ಟೆಗೆ ಕಿವಿಯಿಟ್ಟಂತೆ ಪಂಪಿಗೆ ಕಿವಿಯಿಟ್ಟ. "ಕರೆಂಟ್ ಬರ್ತೈತಿ. ಗುಂಯ್ ಅಂತೈತಿ, ತಿರಗವಲ್ದು. ಒಳಗ ಏನೋ ಸಿಕ್ಕೈತಿ. ಲೇ, ಏನರ ಹಾಕೀಯೇನು?"

"ನಾ ಯಾಕ ಹಾಕ್ಲಿ ಕಾಕಾ?" ಎಂದೆ, ತಲೆಯ ಮೇಲೆ ನಾರು ಇಟ್ಟುಕೊಂಡೇ.

ಕಾಕಾ ಮೋಟಾರಿನ ಹಿಂಬದಿಗೆ ಸ್ಕ್ರೂಡ್ರೈವರ್ ಹಾಕಿ ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ತಾಸಿನ ದಾರಿ ಕಾಕಾ, ಸಂಡಾಸಿಗಿ ಕೀಲಿ ಹಾಕಿ ಹೋಗೂನು ನಡಿ."

"ಸಂಡಾಸ ಇಲ್ದ ಈ ಗಾಡಿ ಓಣಿ ದಾಟಂಗಿಲ್ಲ!"

ಎಂಥ ಹಟ ನೋಡಿ! ಬಿಸಿಲೇರುತ್ತಿತ್ತು. ಕಾಕುವಿನ ಮುಖ ಬಾಡಿತ್ತು. ನೀರು ಕೊಡಹೋದರೆ "ಬ್ಯಾಡಪಾ" ಎಂದಳು.

ಕಾಕಾ ಪಂಪಿನ ಬೋಲ್ಟು ಬಿಚ್ಚುತ್ತ, "ಟಾಕಿ ವಾಲ್ವ್ ಬಂದ್ ಐತೇನ್ ನೋಡು," ಎಂದ. ನೋಡಲು ಅದರ ಹಿಡಿಕೆ ಎಳೆದೆ. ಬಂದ್ ಇತ್ತು. ಎಳೆದ ಮೇಲೆ ಇರಲಿಲ್ಲ.

ಮುಂದಿನದನ್ನು ಬರೆಯುವುದಿಲ್ಲ, ನೀವಿನ್ನೂ ಊಟ ಮಾಡಬೇಕು. ಗಾಡಿಯಡಿಯಿಂದ ಬಂದದ್ದು ಒಂದೇ ಮಾತು: "ಖೋಡೀ! ನೂಕೋ ಅದನ್ನ!"

ಕಾಕಾ ಎರಡು ಸಲ ಸ್ನಾನ ಮಾಡಿದ. ಓಣಿಯ ಮಂದಿ ಮೂಗು ಮುಚ್ಚಿಕೊಂಡೇ ಸಲಹೆ ಕೊಟ್ಟರು. ಕೊನೆಗೆ ಅವನು ಬಿಚ್ಚಿದ ಪಂಪನ್ನು ಎತ್ತಿ ತೋರಿಸಿದ: ಬ್ಲೇಡಿಗೆ ಸುತ್ತಿದ ನಾರಿನ ಗಂಟು. "ಪಂಪಿಗಿ ಜುಟ್ಟು ಬಂದೈತಲ್ಲ!" ಎಂದು ನನ್ನ ತಲೆಯನ್ನೇ ನೋಡಿದ. ನಾನು ಆಕಾಶ ನೋಡಿದೆ.

ನಾರು ಬಿಡಿಸಿ, ಜೋಡಿಸಿ, ಸ್ವಿಚ್ ಒತ್ತಿದ. ಗರ್ರ್ರ್! ಪಂಪು ತಿರುಗಿತು, ಟಾಕಿ ಖಾಲಿಯಾಯಿತು. ಕಾಕಾ ಕುಣಿಯುತ್ತಾನೆ ಅಂದುಕೊಂಡೆ. ಇಲ್ಲ. ಕೈ ತೊಳೆದು, ನೇರವಾಗಿ ಒಳಗೆ ಹೋಗಿ ತಂಬಿಗೆ ತುಂಬಿಸಿ ತಂದು ಕಾಕುವಿನ ಕೈಗಿಟ್ಟ. ಅವಳು ಎತ್ತಿ ಗಟಗಟ ಕುಡಿದಳು. ಬಿಸಿಲಿಗೆ ಬಾಯಾರಿರಬೇಕು ಎಂದುಕೊಂಡೆ. ನನ್ನ ತಲೆಗೆ ಹೊಳೆಯುವುದು ಅಷ್ಟೇ.

ದಾರಿಯಲ್ಲಿ ಮಾಗಡಿ ಕೆರೆಯ ಹತ್ತಿರ ಗಾಡಿ ನಿಲ್ಲಿಸಿದೆವು. ಮಂದಿಯೆಲ್ಲ ಹಕ್ಕಿ ನೋಡುತ್ತಿದ್ದರೆ ಕಾಕಾ ಮತ್ತೆ ಗಾಡಿಯಡಿ! ಸಂಡಾಸಿನಿಂದ ನಿರಾಳವಾಗಿ ಇಳಿದು ಬಂದ ಕಾಕು ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದಳು:

"ಊರಿಗಿ ಹೊಂಟಾಗೆಲ್ಲ ನಾ ಮುಂಜಾನಿಂದ ಒಂದ ಗುಟುಕು ನೀರು ಕುಡೀತಿದ್ದಿಲ್ಲ. ದಾರ್ಯಾಗ ಹೆಣಮಕ್ಕಳು ಎಲ್ಲಿ ಹೋಗೂದು? ಕಡೀಕ ಊರಿಗಿ ಹೋಗೂದ ಬಿಟ್ಟೆ. ಯಾರ ಮುಂದೂ ಹೇಳಿದ್ದಿಲ್ಲ, ಇವರ ಮುಂದೂ."

"ಮತ್ತ ಕಾಕಾಗ ಹೆಂಗ ಗೊತ್ತಾತು?"

"ಬಸ್ಸಿನ್ಯಾಗ ಇವರು ಕೊಟ್ಟ ನೀರಿನ ಬಾಟ್ಲಿ ತುಂಬಿದ್ದು ತುಂಬಿದಂಗ ಹೊಳ್ಳಿ ಬರ್ತಿತ್ತಲ್ಲ, ಅದನ್ನ ನೋಡ್ಯಾರ. ಒಂದ ಮಾತ ಕೇಳಲಿಲ್ಲ ನೋಡು. ಗಾಡಿ ಕಟ್ಟಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕೂದಲಿನಿಂದ ಒಂದೆಳೆ ನಾರು ಕಿತ್ತು ಕೈಗೆ ಕೊಟ್ಟಳು. "ಇನ್ನ ಮ್ಯಾಲ ಕಾಯಿ ಹೊರಗ ಕೂತು ಸುಲಿ, ತಮ್ಮಾ."