ಪ್ರೇಮಮ್ಮನವರು ಅರ್ಧ ಗಂಟೆ ಧರ್ಮದಿಂದ ಹೊರಗಿದ್ದದ್ದು

ರಾವಂದೂರು ಹೋಬಳಿ ಕರಿಬಂಡೆ ಮಠದ ಭಕ್ತರಾದ ಶ್ರೀಮತಿ ಪ್ರೇಮಮ್ಮ, ವಯಸ್ಸು ಅರವತ್ತೆಂಟು, ಕಳೆದ ವೈಶಾಖದ ಒಂದು ಬುಧವಾರ ಬೆಳಿಗ್ಗೆ ಹತ್ತು ಹತ್ತರಿಂದ ಹತ್ತು ನಲವತ್ತರವರೆಗೆ ಧರ್ಮದಿಂದ ಹೊರಗಿದ್ದರು. ಇದಕ್ಕೆ ಮಠದ ಆಡಳಿತ ಸಮಿತಿಯ ಲಿಖಿತ ಅನುಮತಿ ಇತ್ತು. ಆದ್ದರಿಂದ ಈ ಬಗ್ಗೆ ಊರಿನಲ್ಲಿ ಯಾರ ತಕರಾರೂ ಇಲ್ಲ.

ಪ್ರೇಮಮ್ಮನವರು ಮೂವತ್ತೊಂದು ವರ್ಷಗಳಿಂದ ಮಠದ ದಾಸೋಹಕ್ಕೆ ಸಾಂಬಾರು ಮಾಡುತ್ತಿದ್ದಾರೆ. ದಿನಾ ಸ್ನಾನವಾಗಿ, ಹಣೆಗೆ ವಿಭೂತಿ ಬಿದ್ದು, ಲಿಂಗಪೂಜೆ ಮುಗಿಯುವ ತನಕ ತೊಟ್ಟು ನೀರೂ ಕುಡಿದವರಲ್ಲ. ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಅಂದಿನಿಂದ ಮಂಗಳಕಾರ್ಯಗಳಲ್ಲಿ ಅವರು ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಗಂಡನಿಲ್ಲದವರು ಆರತಿ ತಟ್ಟೆ ಮುಟ್ಟಬಾರದೆಂಬುದು ಆ ಮಠದ ನಿಯಮ.

ಅವರ ಮೊಮ್ಮಗಳು ಪವಿತ್ರ ಹುಣಸೂರಿನ ಔಷಧಿ ಅಂಗಡಿಯಲ್ಲಿ ಕೆಲಸದಲ್ಲಿದ್ದಾಳೆ. ಮೂರು ವರ್ಷದವಳಿದ್ದಾಗಲೇ ತಾಯಿ ತೀರಿಹೋದಳು. ತಲೆ ಬಾಚಿ, ಬೈದು, ಓದಿಸಿ, ಬಸ್ಸಿನವರೆಗೆ ಬಿಟ್ಟು ಬಂದು ಸಾಕಿದವರು ಅಜ್ಜಿ. ಪವಿತ್ರಳ ಮದುವೆ ಮಠದ ಮಂಟಪದಲ್ಲೇ ಎಂದು ಗೊತ್ತಾಯಿತು.

ಅದರ ಮುಂದಿನ ಸೋಮವಾರ, ಮಠದ ವಾರದ ಪ್ರವಚನ ಮುಗಿದ ಮೇಲೆ, ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿ ಈಗ ಮಠದ ಕಾರ್ಯದರ್ಶಿಯಾಗಿರುವ ರುದ್ರಸ್ವಾಮಿಯವರು ಎಂದಿನಂತೆ, “ಯಾರಿಗಾದರೂ ಏನಾದರೂ ಹೇಳುವುದಿದೆಯೇ?” ಎಂದು ಕೇಳಿದರು. ಹನ್ನೊಂದು ವರ್ಷಗಳಿಂದ ಈ ಪ್ರಶ್ನೆಗೆ ಯಾರೂ ಉತ್ತರಿಸಿರಲಿಲ್ಲ. ಪ್ರೇಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತರು.

“ನನ್ ಮೊಮ್ಮಗಳಿಗೆ ಆರತಿ ನಾನೇ ಎತ್ತೋದು ಕಣ್ರೀ. ಗಂಡ ಸತ್ತೋಳು ಎತ್ತಬಾರದು ಅನ್ನೋದ ನಾನು ಒಪ್ಪಕ್ಕಿಲ್ಲ.”

“ಒಪ್ಪಲ್ಲ ಅಂದ್ರೆ? ಮಠ ಬಿಡ್ತೀರಾ?”

“ಯಾಕ್ ಬುಡ್ಲಿ? ಹುಟ್ಟಿದಾಗಿಂದ ಕೊರಳಲ್ಲಿ ಲಿಂಗ ಐತೆ.”

“ಹಂಗಾದ್ರೆ ನಿಯಮ ಒಪ್ಪಿ.”

“ಅದೂ ಇಲ್ಲ.”

ಸಮಿತಿ ಮೂರು ಸಲ ಸಭೆ ಸೇರಿತು. ಬೋಧನೆಯನ್ನು ಒಪ್ಪದವರು ಭಕ್ತರೇ ಎಂಬುದು ಮೊದಲ ವಿಷಯ. ಅಲ್ಲವೆಂದಾದರೆ ಸೋಮವಾರದ ಸಾಂಬಾರು ಯಾರು ಮಾಡಬೇಕು ಎಂಬುದು ಎರಡನೆಯದು. ಎರಡನೆಯದನ್ನು ತುರ್ತು ವಿಷಯವೆಂದು ಮೊದಲು ಕೈಗೆತ್ತಿಕೊಂಡರು.

ಅಧ್ಯಕ್ಷರಾದ ಬಸವಪ್ರಸಾದ್ ಒಂದು ದಾರಿ ಸೂಚಿಸಿದರು. ಮಠದ ಗೋಡೆಯ ಮೇಲೆ ಬರೆದಿರುವ ನಲವತ್ತೆರಡು ಬೋಧನೆಗಳನ್ನೂ ಒಪ್ಪಿದ್ದೇವೆಂದು ಪ್ರತಿಯೊಬ್ಬ ಭಕ್ತರೂ ಸಹಿ ಹಾಕಬೇಕು, ಹಾಕದವರು ಹೊರಗೆ. ಪಟ್ಟಿಯನ್ನು ಗಟ್ಟಿಯಾಗಿ ಓದಲಾಯಿತು. ಹದಿನೇಳನೆಯದಾದ ‘ವರದಕ್ಷಿಣೆ ಕೇಳಬಾರದು’ ಎಂಬಲ್ಲಿಗೆ ಬಂದಾಗ ಬಸವಪ್ರಸಾದರೇ, “ಇದು ಹೆಣ್ಣು ಹೆತ್ತವರಿಗೆ ಬರೆದದ್ದು ಕಣ್ರೀ, ನನಗಿರೋದು ಗಂಡುಮಕ್ಕಳು,” ಎಂದರು. ‘ರಾಹುಕಾಲ ನೋಡಬಾರದು’ ಎಂಬ ಇಪ್ಪತ್ತಮೂರನೆಯದರಲ್ಲಿ ರುದ್ರಸ್ವಾಮಿಯವರು ವಿನಾಯಿತಿ ಕೋರಿದರು. ಆ ಸಭೆಯನ್ನೇ ಅವರು ರಾಹುಕಾಲ ಕಳೆಯಲೆಂದು ಒಂದೂವರೆ ಗಂಟೆ ಮುಂದೂಡಿದ್ದರು. ಸಂಜೆಯ ಹೊತ್ತಿಗೆ ಇನ್ನೂರ ಹನ್ನೆರಡು ಮಂದಿ ಭಕ್ತರಲ್ಲಿ ನಲವತ್ತೆರಡಕ್ಕೂ ಸಹಿ ಹಾಕಿದವರು ಒಬ್ಬರೂ ಸಿಗಲಿಲ್ಲ.

ಆಗ ಸಮಿತಿ ಹೀಗೆ ತೀರ್ಮಾನಿಸಿತು: ಮನಸ್ಸಿನಲ್ಲಿ ಇಟ್ಟುಕೊಂಡ ಭಿನ್ನಾಭಿಪ್ರಾಯ ಸಹಜ. ನಡತೆಯಲ್ಲಿ ತೋರಿಸಿದ ಭಿನ್ನಾಭಿಪ್ರಾಯ ಸಂಪ್ರದಾಯ. ಬಾಯಿಬಿಟ್ಟು ಹೇಳಿದ್ದು ಮಾತ್ರ ಆಕ್ಷೇಪಣೆ. ಆಕ್ಷೇಪಣೆದಾರರ ಪಟ್ಟಿ ತಯಾರಾಯಿತು. ಅದರಲ್ಲಿ ಒಂದೇ ಹೆಸರಿತ್ತು.

ಪವಿತ್ರ ಹುಣಸೂರಿನಿಂದ ಸ್ಕೂಟರಿನಲ್ಲಿ ಬಂದವಳೇ ನೇರ ಕಾರ್ಯದರ್ಶಿಗಳ ಮುಂದೆ ಕೂತಳು.

“ಸಾರ್, ಈ ನಿಯಮ ಯಾರಿಗೆ?”

“ನಮ್ಮ ಧರ್ಮದವರಿಗಮ್ಮ.”

“ಹೊರಗಿನೋರು ಆರತಿ ಎತ್ತಬೋದಾ?”

ರುದ್ರಸ್ವಾಮಿಯವರು ಕನ್ನಡಕ ಹಾಕಿಕೊಂಡು ಕಡತ ತಿರುವಿದರು. ಹೋದ ವರ್ಷ ಕೇರಳದ ಕಡೆಯ ಬ್ಯಾಂಕ್ ಮ್ಯಾನೇಜರ್ ಮೇಡಂ ಬಂದಾಗ ಅವರ ಕೈಯಲ್ಲೇ ಆರತಿ ಎತ್ತಿಸಿ ಶಾಲು ಹೊದಿಸಿದ್ದರು. ಮೇಡಂಗೆ ಗಂಡ ಇದ್ದಾರೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

“ಅಡ್ಡಿ ಕಾಣಿಸ್ತಿಲ್ಲ,” ಎಂದರು ರುದ್ರಸ್ವಾಮಿ.

ನಾಲ್ಕನೇ ದಿನ ಆದೇಶ ಬಂತು.

‘ಸದರಿ ಪ್ರೇಮಮ್ಮ ಅವರನ್ನು ಮುಹೂರ್ತದ ದಿನ ಮೂವತ್ತು ನಿಮಿಷಗಳ ಮಟ್ಟಿಗೆ ಧರ್ಮದಿಂದ ಹೊರಗಿನವರೆಂದು ಪರಿಗಣಿಸತಕ್ಕದ್ದು. ಆ ಅವಧಿಯಲ್ಲಿ ಕೊರಳಿನ ಲಿಂಗವನ್ನು ತೆಗೆಯುವ ಅಗತ್ಯವಿಲ್ಲ. ಅದನ್ನು ಒಡವೆ ಎಂದು ಭಾವಿಸಲಾಗುವುದು. ಅನ್ಯರಿಗೆ ಪ್ರವೇಶವಿಲ್ಲದ ಕಾರಣ ಅಡುಗೆಮನೆಗೆ ಹೋಗತಕ್ಕದ್ದಲ್ಲ. ಅವಧಿ ಮುಗಿದೊಡನೆ, ಪ್ರತ್ಯೇಕ ಅರ್ಜಿಯಿಲ್ಲದೆ ಧರ್ಮಕ್ಕೆ ಮರಳಿರುತ್ತಾರೆ.’

ಪ್ರೇಮಮ್ಮ ಎರಡು ಸಲ ಓದಿಸಿ ಕೇಳಿದರು. ನಗಲಿಲ್ಲ.

“ಒಳಗಿದ್ರೆ ನಾನು ಅಪಶಕುನ, ಹೊರಗೋದ್ರೆ ಶುಭ. ಅಂಗೇ ಅಲ್ವಾ?”

“ಹಂಗಂತ ಬರೆದಿಲ್ಲ, ಪ್ರೇಮಮ್ಮ,” ಎಂದರು ರುದ್ರಸ್ವಾಮಿ.

ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಅರವತ್ತೆಂಟು ವರ್ಷ ಬಿಡದೆ ಹಿಡಿದದ್ದನ್ನು ಅರ್ಧ ಗಂಟೆಗಾದರೂ ಬಿಟ್ಟೆ ಎಂದು ಬರೆದುಕೊಡುವುದು ಹೇಗೆ? ಮೂರನೇ ದಿನ ಆದೇಶದ ಕೆಳಗೆ ಒಪ್ಪಿಗೆಯ ಸಹಿ ಹಾಕಿದರು. “ಇವಳವ್ವ ಇದ್ದಿದ್ರೆ ಅವಳು ಎತ್ತೋಳು,” ಎಂದಷ್ಟೇ ಹೇಳಿದರು.

ಮದುವೆಯ ದಿನ ಹತ್ತು ಹತ್ತಕ್ಕೆ ರುದ್ರಸ್ವಾಮಿಯವರು ಮೈಕ್ ಹಿಡಿದರು. “ಭಕ್ತಾದಿಗಳ ಗಮನಕ್ಕೆ. ಪ್ರೇಮಮ್ಮನವರು ಈಗ ಧರ್ಮದಿಂದ ಹೊರಗೆ ಹೋಗಿರುತ್ತಾರೆ. ದಯವಿಟ್ಟು ಸಹಕರಿಸಿ.” ಜನ ತಿರುಗಿ ನೋಡಿದರು. ಪ್ರೇಮಮ್ಮ ನಿಂತಲ್ಲೇ ನಿಂತಿದ್ದರು.

ಹತ್ತು ಇಪ್ಪತ್ತಕ್ಕೆ ಅಡುಗೆಮನೆಯಿಂದ ಸುನಂದಮ್ಮ ಓಡಿ ಬಂದರು. ಆರುನೂರು ಜನರ ಸಾಂಬಾರಿಗೆ ಉಪ್ಪೆಷ್ಟು ಎಂಬುದು ಪ್ರೇಮಮ್ಮನ ಕೈಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಸಮಿತಿ ನಿಂತ ನಿಲುವಿನಲ್ಲೇ ಸಭೆ ನಡೆಸಿ, ಅವರನ್ನು ಮೂರು ನಿಮಿಷ ಧರ್ಮಕ್ಕೆ ವಾಪಸು ಕರೆಸಿಕೊಂಡಿತು. ಅವರು ಹೋಗಿ, ಉಪ್ಪು ಹಾಕಿ, ರುಚಿ ನೋಡಿ ಬಂದರು. ಮೈಕಿನಲ್ಲಿ ಮತ್ತೆ ಹೊರಗೆ ಕಳಿಸಿದರು.

ಈ ನಡುವೆ ಫೋಟೋದವನು ವರನ ಪೇಟವನ್ನು ನಾಲ್ಕು ಸಲ ಸರಿಮಾಡಿಸಿದ್ದರಿಂದ ತಾಳಿ ಕಟ್ಟುವಾಗ ಹತ್ತು ಮೂವತ್ತೊಂಬತ್ತಾಗಿತ್ತು. ಪ್ರೇಮಮ್ಮ ಆರತಿ ತಟ್ಟೆ ಎತ್ತಿದರು. ಒಂದು ಸುತ್ತು ಬಂತು.

“ಸಮಯ ಮುಗಿದಿರುತ್ತದೆ,” ಎಂದಿತು ಮೈಕ್.

ವಾಲಗ ನಿಂತುಹೋಯಿತು. ಹಸೆಯ ಮೇಲಿದ್ದ ಪವಿತ್ರ ಅಜ್ಜಿಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ರುದ್ರಸ್ವಾಮಿಯೋರೇ, ಈಗ ನಾನು ಒಳಗೋ, ಹೊರಗೋ?”

“ಒಳಗೆ, ಪ್ರೇಮಮ್ಮ.”

“ಸರಿ ಬುಡಿ. ಒಳಗಿದ್ದೇ ಎತ್ತೀನಿ.”

ಉಳಿದ ಎರಡು ಸುತ್ತನ್ನು ಅವರು ಅವಸರವಿಲ್ಲದೆ ಮುಗಿಸಿದರು. ಮೊಮ್ಮಗಳ ಹಣೆಗೆ ಕುಂಕುಮ ಇಟ್ಟರು. ಹಸೆ ಮುರಿಯಲಿಲ್ಲ, ಕಂಬ ಅಲ್ಲಾಡಲಿಲ್ಲ. ವಾಲಗದವರು ಸ್ವಲ್ಪ ಹೊತ್ತು ಕಾದು, ತಾವಾಗಿಯೇ ಮತ್ತೆ ಊದತೊಡಗಿದರು.

ಕೂಡಲೇ ಊಟದ ಹಾಲಿನಲ್ಲಿ ಸಮಿತಿ ಸೇರಿ, ಆ ಎರಡು ಸುತ್ತು ನಡೆದೇ ಇಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಿತು. ಪ್ರೇಮಮ್ಮನವರ ಅಭಿಪ್ರಾಯವನ್ನೂ ಕೇಳಲಾಯಿತು. ಅವರು ಮೊಮ್ಮಗಳ ಕಣ್ಣೊರೆಸುತ್ತಿದ್ದರು. ಏನು ಬೇಕಾದರೂ ಬರೆದುಕೊಳ್ಳಿ ಎಂದರು. ಅದನ್ನು ಒಪ್ಪಿಗೆ ಎಂದು ದಾಖಲಿಸಲಾಗಿದೆ.

ಈಗ ‘ತಾತ್ಕಾಲಿಕ ನಿರ್ಗಮನ’ದ ಅರ್ಜಿ ಅಚ್ಚಾಗಿ ಬಂದಿದೆ. ಪ್ರತಿ ಗುರುವಾರ ಹನ್ನೊಂದಕ್ಕೆ ಕೊಡುತ್ತಾರೆ. ಆಷಾಢದ ಹೊತ್ತಿಗೆ ನಲವತ್ತಾರು ಮಂದಿ ಹೆಂಗಸರು ಹೋಗಿ ಬಂದಿದ್ದಾರೆ. ಪಿರಿಯಾಪಟ್ಟಣದ ಬಸ್ಸಿನಲ್ಲಿ ಚೆಲುವಮ್ಮ ಸೋಮಮ್ಮನಿಗೆ, “ನಾಳೆ ಒಂಬತ್ತರಿಂದ ಹತ್ತು ನಾನು ಹೊರಗೆ ಕಣವ್ವ, ತಮ್ಮನ ಮನೆ ಗೃಹಪ್ರವೇಶ,” ಎಂದರೆ ಯಾರೂ ತಿರುಗಿ ನೋಡುವುದಿಲ್ಲ.

ಹೋದ ಗುರುವಾರ ಮಠದ ಪೀಠದಲ್ಲಿರುವ ಸ್ವಾಮಿಗಳು, ನಮ್ಮ ಬುದ್ಧಿಯವರಿಂದಲೂ ಒಂದು ಅರ್ಜಿ ಬಂತು. ಕಾರಣ ಎಂಬಲ್ಲಿ ‘ಸ್ವಂತ’ ಎಂದು ಬರೆದಿದ್ದಾರೆ. ಎಷ್ಟು ಹೊತ್ತು ಎಂಬಲ್ಲಿ ಖಾಲಿ ಬಿಟ್ಟಿದ್ದಾರೆ. ಉಳಿದೆಲ್ಲ ಕ್ರಮಬದ್ಧವಾಗಿದ್ದುದರಿಂದ ಸಮಿತಿ ಅದನ್ನು ಮಂಜೂರು ಮಾಡಿದೆ.